ಹೊರಡುವ ಮುನ್ನ, ನಲವತ್ತೆಂಟು ಪುಟ

ರಟ್ಟಣ್ಣ ಎಂದರೆ ಸಿಟ್ಟಾಗಬಹುದು ಎಂದು ಮೊದಮೊದಲು ಜನ ಬೆನ್ನ ಹಿಂದೆ ಮಾತ್ರ ಅವನನ್ನು ಹಾಗೆ ಕರೆಯುತ್ತಿದ್ದರು. ಒಂದು ದಿನ ಅವನೇ ಫೋನೆತ್ತಿ, "ಹಲೋ, ರಟ್ಟಣ್ಣ ಮಾತಾಡ್ತಿರೋದು" ಎಂದುಬಿಟ್ಟ. ಅಲ್ಲಿಗೆ ಅಪ್ಪ ಅಮ್ಮ ಇಟ್ಟ ಹೆಸರಿಗೆ ಎಳ್ಳುನೀರು ಬಿಟ್ಟಂತಾಯಿತು. ಸಂಬಳದ ಚೀಟಿಯೊಂದನ್ನು ಬಿಟ್ಟರೆ ಆ ಹೆಸರು ಮತ್ತೆಲ್ಲೂ ತಲೆಯೆತ್ತಲಿಲ್ಲ.

ದೊಡ್ಡ ಲೈಬ್ರರಿಯ ನೆಲಮಾಳಿಗೆಯಲ್ಲಿ ಮೂವತ್ತಾರು ವರ್ಷ ಅವನು ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿದ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಸೂರಿಗೆ ತಾಗಿದಂತೆ. ಅದರಿಂದ ನೋಡಿದರೆ ಬೀದಿಯಲ್ಲಿ ಹೋಗಿಬರುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಉದ್ದನೆಯ ಮೇಜು, ಚಕ್ರ ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಒತ್ತುಯಂತ್ರ, ದಬ್ಬಳ, ಸೂಜಿ, ಮೇಣ ಸವರಿದ ದಾರದ ಉಂಡೆ, ಅಂಟಿನ ಡಬ್ಬಿ. ಅವನ ಬಲಗೈ ಹೆಬ್ಬೆರಳಿಗೆ ಆ ಅಂಟಿನ ಹಳದಿ ಎಷ್ಟು ಇಳಿದುಹೋಗಿತ್ತೆಂದರೆ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಅದನ್ನು ಕಲ್ಲಿನಿಂದ ಉಜ್ಜಿ ನೋಡಿದ್ದಳು. ಚರ್ಮ ಹೋಯಿತು, ಹಳದಿ ಹೋಗಲಿಲ್ಲ.

ಕೆಲಸದಲ್ಲಿ ಮಹಾ ಕಟ್ಟುನಿಟ್ಟು. ಪುಸ್ತಕ ಕೈಗೆ ಬಂದ ಕೂಡಲೇ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಣಿಸಬೇಕು. ಹಳೆಯ ಹೊಲಿಗೆಯನ್ನು ಮುಲಾಜಿಲ್ಲದೆ ಬಿಚ್ಚಬೇಕು. ಬಿಚ್ಚದೆ ಮೇಲಿಂದ ಮೇಲೆ ಅಂಟು ಬಳಿಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಹದಿನಾರು ಪುಟಕ್ಕೊಂದು ಫಾರಂ. ಒಂದೊಂದೇ ಫಾರಂ ಬಿಡಿಸಿ, ಒರೆಸಿ, ಜೋಡಿಸಿ, ಮತ್ತೆ ಹೊಲಿಯಬೇಕು. ನಡುವೆ ಯಾರಾದರೂ ಪುಣ್ಯಾತ್ಮರು ಹಾಳೆ ಹರಿದುಕೊಂಡು ಹೋಗಿದ್ದರೆ ಆ ಜಾಗದಲ್ಲಿ ತೆಳು ಕಾಗದದ ಚೀಟಿಯೊಂದನ್ನು ಸೇರಿಸಿ ಹೊಲಿಯುತ್ತಿದ್ದ. "೧೧೧, ೧೧೨ನೇ ಪುಟ ಇಲ್ಲ. ಬೈಂಡಿಂಗಿಗೆ ಬರುವಾಗಲೇ ಇರಲಿಲ್ಲ" ಎಂದು ಬರೆದು ಕೆಳಗೆ ಪುಟ್ಟ ಸಹಿ. "ಇಲ್ಲದ್ದನ್ನ ಇಲ್ಲ ಅಂತ ಹೇಳಿಬಿಡಬೇಕು. ಓದೋನು ಪಾಪ, ತಾನೇ ಏನೋ ತಪ್ಪಿಸಿಕೊಂಡೆ ಅಂದ್ಕೋಬಾರದು" ಎನ್ನುತ್ತಿದ್ದ.

ಇಷ್ಟೆಲ್ಲ ಮಾಡಿದವನು ಪುಸ್ತಕ ಓದುತ್ತಿದ್ದನೇ ಎಂದರೆ, ಇಲ್ಲ. ಪುಸ್ತಕ ಓದಿದವರನ್ನು ಓದುತ್ತಿದ್ದ. ಮುಚ್ಚಿದ ಪುಸ್ತಕದ ಅಂಚು ನೋಡಿದರೆ ಸಾಕು, ಎಲ್ಲಿ ಕೊಳೆ ಹಿಡಿದಿದೆ, ಎಲ್ಲಿ ಬಿಳಿಯಾಗಿ ಉಳಿದಿದೆ ಎಂಬುದರಿಂದಲೇ ಓದಿದವನ ಜಾತಕ ಬಿಚ್ಚಿಡುತ್ತಿದ್ದ. ಪತ್ತೇದಾರಿ ಕಾದಂಬರಿಯಾದರೆ ಕೊನೆಯ ಹತ್ತು ಪುಟ ಎಲ್ಲಕ್ಕಿಂತ ಮೊದಲು ಸವೆದಿರುತ್ತವೆ. ಅಡುಗೆ ಪುಸ್ತಕವಾದರೆ ಸಿಹಿಯ ಪುಟಗಳಿಗೆಲ್ಲ ಎಣ್ಣೆ, ಸೊಪ್ಪಿನ ಪುಟಗಳು ಹೊಚ್ಚ ಹೊಸವು. ವ್ಯಾಯಾಮದ ಪುಸ್ತಕದಲ್ಲಿ ಮೂರನೇ ದಿನದಾಚೆಗೆ ಯಾವ ಗಂಡುಗಲಿಯೂ ಹೋಗಿರುವುದಿಲ್ಲ. ಆದರೆ ಅವನಿಗೆ ಎಲ್ಲಕ್ಕಿಂತ ತಮಾಷೆ ಎನಿಸುತ್ತಿದ್ದದ್ದು ಪ್ರವಾಸದ ಕೈಪಿಡಿಗಳು. ಯಾವ ದೇಶದ್ದೇ ಇರಲಿ, ಯಾರು ಅಚ್ಚು ಹಾಕಿದ್ದೇ ಇರಲಿ, ಮೊದಲ ಅಧ್ಯಾಯ "ಹೊರಡುವ ಮುನ್ನ" ಎಂದು. ಏನೇನು ಕಟ್ಟಿಕೊಳ್ಳಬೇಕು, ಯಾವ ಸೂಜಿ ಚುಚ್ಚಿಸಿಕೊಳ್ಳಬೇಕು, ಯಾವ ತಿಂಗಳು ಒಳ್ಳೆಯದು ಎಂಬ ಪುರಾಣ. ಆ ಅಧ್ಯಾಯ ಕೈಯಾಡಿ ಕೈಯಾಡಿ ಕಪ್ಪಾಗಿರುತ್ತದೆ. ಅದರಾಚೆ, ದೇಶ ಶುರುವಾಗುವ ಕಡೆಯಿಂದ, ಹಾಲಿನಂಥ ಬಿಳಿ.

"ಎಲ್ಲಾ ಹೊರಡುವ ಮುನ್ನವೇ ವಾಪಸ್ ಬಂದೋರು" ಎಂದು ಅವನು ಮನೆಯಲ್ಲಿ ಚಹಾ ಹೀರುತ್ತ ನಗುತ್ತಿದ್ದ. ಹೆಂಡತಿ ಈ ಮಾತನ್ನು ಏನಿಲ್ಲವೆಂದರೂ ನೂರು ಸಲ ಕೇಳಿದ್ದಳು. ಪ್ರತಿ ಸಲವೂ, ಮೊದಲ ಸಲ ಕೇಳಿದವಳಂತೆ ನಗುತ್ತಿದ್ದಳು. ಮೂವತ್ತು ವರ್ಷದ ಸಂಸಾರ ಸುಮ್ಮನೆ ನಡೆಯುತ್ತದೆಯೇ?

ಅವಳು ಟೈಲರು. ಮನೆಯ ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಮೆಷಿನ್ನು ಹಾಕಿಕೊಂಡು ಬೀದಿಯವರ ಅರ್ಧ ಬಟ್ಟೆಗಳನ್ನು ಅವಳೇ ಹೊಲಿದವಳು, ಉಳಿದರ್ಧವನ್ನು ಅವಳೇ ಸಡಿಲ ಮಾಡಿಕೊಟ್ಟವಳು. ಬಾಯಿ ಚುರುಕು. "ನೀವೂ ಹೊಲಿಯೋದು, ನಾನೂ ಹೊಲಿಯೋದು. ನಾನು ಹೊಲಿದದ್ದು ಊರೆಲ್ಲಾ ಓಡಾಡುತ್ತೆ, ನೀವು ಹೊಲಿದದ್ದು ಕಪಾಟಲ್ಲಿ ಕೂತಿರುತ್ತೆ, ಅಷ್ಟೇ ವ್ಯತ್ಯಾಸ" ಎಂದು ಗಂಡನನ್ನು ಕೆಣಕುತ್ತಿದ್ದಳು. ಅವನಿಗೆ ಅದಕ್ಕೆ ಉತ್ತರ ಹೊಳೆಯುವ ಹೊತ್ತಿಗೆ ಮಾರನೆಯ ದಿನವಾಗಿರುತ್ತಿತ್ತು.

ಅವನು ನಿವೃತ್ತನಾಗಲು ಇನ್ನೂ ಹನ್ನೆರಡು ವರ್ಷವಿದ್ದಾಗ ನಡೆದದ್ದಿದು. ಎಲ್ಲಿಂದಲೋ ಬಂದಿದ್ದ, ಎಲ್ಲಿಗೋ ಹೊರಟಿದ್ದ ಹುಡುಗಿಯೊಬ್ಬಳು ತನ್ನ ಬೆನ್ನುಚೀಲದ ಪಟ್ಟಿ ಕಿತ್ತುಹೋಗಿದೆಯೆಂದು ಟೈಲರಕ್ಕನ ಬಾಗಿಲಿಗೆ ಬಂದಳು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಹುಡುಗಿ ಸ್ಟೂಲಿನ ಮೇಲೆ ಕೂತು ಚಹಾ ಕುಡಿದಳು, ಟೈಲರಕ್ಕ ಚೀಲದ ಹೊಲಿಗೆ ಬಿಚ್ಚಿದಳು. ಹೊಲಿಗೆಯ ಸಂದಿಯಿಂದ ಒಂದು ಚಿಟಿಕೆಯಷ್ಟು ಮರಳು ಮೆಷಿನ್ನಿನ ಹಲಗೆಯ ಮೇಲೆ ಉದುರಿತು. ಬೂದು ಬಣ್ಣದ, ನುಣ್ಣನೆಯ ಮರಳು. "ಎಲ್ಲಿಯದು?" ಎಂದು ಕೈಸನ್ನೆಯಲ್ಲೇ ಕೇಳಿದರೆ ಹುಡುಗಿ ನಗುತ್ತ ಕೈಯನ್ನು ದೂರ, ತುಂಬ ದೂರ ತೋರಿಸಿದಳು. ಹುಡುಗಿ ಹೋದ ಮೇಲೆ ಟೈಲರಕ್ಕ ಆ ಮರಳನ್ನು ಒರೆಸಿ ಎಸೆಯಲಿಲ್ಲ. ಗುಂಡಿಗಳ ಡಬ್ಬಿಗೆ ಹಾಕಿಟ್ಟಳು.

ಅಂದು ಸಂಜೆ ಗಂಡ ಬಂದಾಗ ಅವಳು ಅಡ್ಡಮಾತಿಲ್ಲದೆ ಹೇಳಿದಳು: "ರೀ, ನಾವೂ ಹೋಗಬೇಕು. ಬೆನ್ನಿಗೆ ಚೀಲ ಹಾಕ್ಕೊಂಡು, ಬಸ್ಸಲ್ಲಿ, ರೈಲಲ್ಲಿ, ತಿಂಗಳುಗಟ್ಟಲೆ. ನೀವು ರಿಟೈರ್ ಆದ ಮೇಲೆ."

"ಹೂಂ, ಹೋಗೋಣ" ಎಂದ ರಟ್ಟಣ್ಣ. ಹನ್ನೆರಡು ವರ್ಷ ದೂರವಿರುವ ಮಾತಿಗೆ ಯಾರು ಬೇಕಾದರೂ ಹೂಂ ಅನ್ನಬಹುದು.

ಹನ್ನೆರಡು ವರ್ಷ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವನು ನಿವೃತ್ತನಾದ ವಾರವೇ ಅವಳು ದಪ್ಪ ಕ್ಯಾನ್ವಾಸ್ ತಂದು, ಟೇಪು ಹಿಡಿದು ಗಂಡನ ಬೆನ್ನಿನ ಅಳತೆ ತೆಗೆದು, ಎರಡು ಬೆನ್ನುಚೀಲ ಹೊಲಿದುಬಿಟ್ಟಳು. ಅವನದಕ್ಕೆ ಕನ್ನಡಕದ ಜೇಬು ಬೇರೆ. ಪಾಸ್‌ಪೋರ್ಟ್ ಮಾಡಿಸಿದ್ದಾಯಿತು. ದಾರಿಯೂ ಗೊತ್ತಾಯಿತು: ಒಂದರ ಪಕ್ಕ ಒಂದಿರುವ ಏಳು ದೇಶ, ಐದು ತಿಂಗಳು. ಕೊನೆಯ ದೇಶದಲ್ಲಿ ಬೂದು ಮರಳಿನ ತೀರವೊಂದು ಇದೆಯಂತೆ. ಅದೇ ಮರಳೋ ಅಲ್ಲವೋ, ಹೋಗಿ ಡಬ್ಬಿಯದರ ಪಕ್ಕ ಇಟ್ಟು ನೋಡಬೇಕೆಂಬುದು ಅವಳ ಲೆಕ್ಕ. ಬಾಕಿ ಉಳಿದದ್ದು ಒಂದೇ, ದಾರಿಗೊಂದು ಕೈಪಿಡಿ. "ಪುಸ್ತಕದ ವಿಷಯ ನಿಮಗೆ ಬಿಟ್ಟದ್ದು. ಅದರಲ್ಲಿ ನೀವು ಪಂಡಿತರು" ಎಂದಳು, ಪಾಪ, ನಂಬಿ.

ಅಲ್ಲೇ ಕೆಟ್ಟಿತು ನೋಡಿ.

ಪುಸ್ತಕದಂಗಡಿಯಲ್ಲಿ ಏಳೂ ದೇಶಗಳನ್ನು ಒಳಗೊಂಡ ಆರು ಬಗೆಯ ಕೈಪಿಡಿಗಳಿದ್ದವು. ಅಂಗಡಿಯವಳು ಒಂದೊಂದೇ ತೆಗೆದು, ಇದರಲ್ಲಿ ನಕ್ಷೆ ಚೆನ್ನಾಗಿದೆ, ಇದರಲ್ಲಿ ಊಟದ ವಿವರ ಚೆನ್ನಾಗಿದೆ ಎಂದು ಹೇಳುತ್ತಿದ್ದರೆ ರಟ್ಟಣ್ಣ ಒಂದನ್ನೂ ಬಿಡಿಸಿ ನೋಡಲಿಲ್ಲ. ಬೆನ್ನು ಹಿಡಿದು ಬಾಗಿಸುತ್ತಿದ್ದ, ಮೂಸುತ್ತಿದ್ದ, ಬರೀ ಅಂಟು, ಬರೀ ಅಂಟು ಎಂದು ಪಕ್ಕಕ್ಕಿಡುತ್ತಿದ್ದ. "ಸೆಕೆ ದೇಶಕ್ಕೆ ಹೋದ್ರೆ ಈ ಅಂಟು ಕರಗುತ್ತಮ್ಮ. ಮೂರನೇ ದೇಶದಲ್ಲಿ ನಾವು ಇರ್ತೀವಿ, ನಾಲ್ಕನೇ ದೇಶ ಬಿದ್ದೋಗಿರುತ್ತೆ." ಕೊನೆಗೆ ಆರನೆಯದನ್ನು ಬಾಗಿಸಿದಾಗ ಅವನ ಮುಖ ಅರಳಿತು. ಅದರಲ್ಲಿ ಹೊಲಿಗೆಯಿತ್ತು. ಪುಸ್ತಕದೊಳಗೆ ಏನಿದೆ ಎಂದು ಮನೆಗೆ ಬಂದ ಮೇಲೆ ನೋಡಿದ.

ನೋಡಿದ್ದೇ ತಪ್ಪಾಯಿತು. ಪೆನ್ಸಿಲ್ ಹಿಡಿದು "ಹೊರಡುವ ಮುನ್ನ" ಅಧ್ಯಾಯಕ್ಕೆ ಕೂತವನು ಏಳಲಿಲ್ಲ. ಗಡಿಯ ಊರಿನಿಂದ ಬೆಳಿಗ್ಗೆ ಏಳಕ್ಕೆ ಬಸ್ಸಿದೆ ಎಂದು ಈ ಪುಸ್ತಕ ಹೇಳಿದರೆ, ಸರಿಯೋ ತಪ್ಪೋ ನೋಡೋಣವೆಂದು ಲೈಬ್ರರಿಯಿಂದ ಇನ್ನೊಂದು ತಂದ. ಅದರಲ್ಲಿ ಒಂಬತ್ತಕ್ಕೆ ಎಂದಿತ್ತು. ಮೂರನೆಯದರಲ್ಲಿ ಬಸ್ಸೇ ಇರಲಿಲ್ಲ. "ನೋಡಿದ್ಯಾ? ಇವರನ್ನ ನಂಬಿ ಹೋಗಿದ್ರೆ ಏನು ಗತಿ?" ಎಂದು ಹೆಂಡತಿಗೆ ತೋರಿಸಿದ. ಅವನ ದನಿಯಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು. ಅಷ್ಟರಲ್ಲಿ ಹೊಸ ಆವೃತ್ತಿ ಬರುತ್ತದೆಂಬ ಸುದ್ದಿ. ಬರಲಿ ಎಂದು ಕಾದದ್ದಾಯಿತು. ಬಂತು, ಹೊಲಿಗೆ ಹೋಗಿ ಅಂಟಾಗಿತ್ತು. ಒಳಗಿನದು ಹೊಸದು, ಮೈ ಹಾಳು; ಹಳೆಯದರ ಮೈ ಗಟ್ಟಿ, ಒಳಗಿನದು ಹಳತು. ಅವನು ಹೀಗೆ ಮೀನಮೇಷ ಎಣಿಸುತ್ತ ಕೂತಂತೆ ಒಂದು ವರ್ಷ ಹೋಯಿತು. ಎರಡನೆಯದೂ ಹೋಯಿತು.

ಸತ್ಯ ಹೇಳಬೇಕೆಂದರೆ ತೊಂದರೆ ಇದ್ದದ್ದು ಯಾವ ಪುಸ್ತಕದಲ್ಲೂ ಅಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ರಟ್ಟಣ್ಣನಿಗೆ ಯಾರನ್ನಾದರೂ ದಾರಿ ಕೇಳುವುದೆಂದರೆ ಹೆಣ್ಣು ಕೇಳಲು ಹೋದಷ್ಟು ಸಂಕೋಚ. ಹುಟ್ಟಿ ಬೆಳೆದ ಊರಿನಲ್ಲೇ, ಮೊಳೆ ಮಾರುವ ಅಂಗಡಿ ಹುಡುಕಿಕೊಂಡು ಒಂದೇ ಬೀದಿಯಲ್ಲಿ ಮೂರು ಸುತ್ತು ಹಾಕಿ, ಅಂಗಡಿ ಸಿಗಲಿಲ್ಲವೆಂದು ಮನೆಗೆ ಬಂದ ಮಹಾಶಯ ಅವನು. ಅಂಗಡಿ ಅದೇ ಬೀದಿಯಲ್ಲೇ ಇತ್ತು. ಬೋರ್ಡಿಗೆ ಬಣ್ಣ ಬಳಿಯಲು ಕೆಳಗಿಳಿಸಿದ್ದರು, ಅಷ್ಟೇ. ಮೂವತ್ತಾರು ವರ್ಷ ಕಿಟಕಿಯಲ್ಲಿ ಜನರ ಕಾಲು ನೋಡಿಕೊಂಡು ಕೂತವನಿಗೆ ಮುಖ ನೋಡಿ ಮಾತಾಡುವುದು ಕಷ್ಟವಿರಬಹುದು. ಅವನಿಗೆ ಬೇಕಾಗಿದ್ದದ್ದು ಯಾರನ್ನೂ, ಏನನ್ನೂ ಕೇಳಬೇಕಾಗಿ ಬಾರದಂಥ ಒಂದು ಕೈಪಿಡಿ. ಅಂಥದ್ದನ್ನು ಯಾರೂ ಇನ್ನೂ ಬರೆದಿಲ್ಲ. ಇದನ್ನು ಅವನು ಹೆಂಡತಿಗೆ ಹೇಳಲಿಲ್ಲ. ತನಗೇ ಹೇಳಿಕೊಂಡಿರಲಿಲ್ಲ, ಹೆಂಡತಿಗೆ ಹೇಗೆ ಹೇಳುತ್ತಾನೆ?

ಲೈಬ್ರರಿಯ ಮೇಡಂ ಮಾತ್ರ ಅನುಮಾನದ ಹೆಂಗಸು. ಹನ್ನೊಂದನೇ ಸಲ ಅದೇ ಪುಸ್ತಕವನ್ನು ಅವನ ಹೆಸರಿಗೆ ಬರೆದುಕೊಳ್ಳುತ್ತ, "ಕೋಶ ಓದು, ದೇಶ ಸುತ್ತು ಅಂತಾರೆ ರಟ್ಟಣ್ಣ. ನಿಮ್ಮದು ಕೋಶದಲ್ಲೇ ನಿಂತುಹೋಯ್ತಲ್ಲ" ಎಂದರು.

"ಸರಿಯಾದ್ದು ಒಂದು ಸಿಗಲಿ ಮೇಡಂ, ಹೊರಟೇಬಿಡ್ತೀವಿ" ಎಂದ.

ಹುಚ್ಚು ಬಿಡುವವರೆಗೆ ಮದುವೆಯಾಗಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡಲ್ಲ.

ಇತ್ತ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿದ್ದ ಎರಡು ಚೀಲಗಳು ಮೊದಲು ಧೂಳು ಹಿಡಿದವು. ಆಮೇಲೆ ಟೈಲರಕ್ಕ ಒಂದರಲ್ಲಿ ಚಿಂದಿಬಟ್ಟೆ ತುಂಬತೊಡಗಿದಳು. ಒಂದು ದಿನ ಅವನು ಕನ್ನಡಕದ ಜೇಬಿಗೆ ಕೈ ಹಾಕಿದರೆ ಮುರಿದ ಜಿಪ್ಪುಗಳು ಸಿಕ್ಕವು. ಅವನು ಅವುಗಳನ್ನು ಅಲ್ಲೇ ಮರಳಿ ಹಾಕಿಟ್ಟ. ಅವಳು ಕೇಳುವುದನ್ನು ಬಿಟ್ಟಿದ್ದಳು. ಮೊದಲೆಲ್ಲ ವಾರಕ್ಕೊಮ್ಮೆ "ಏನಾಯ್ತು ರೀ ಪುಸ್ತಕ?" ಎನ್ನುತ್ತಿದ್ದವಳು ಈಗ ಆ ಮೇಜಿನ ಕಡೆ ನೋಡುತ್ತಲೂ ಇರಲಿಲ್ಲ.

ಹೀಗಿರುವಾಗ ಅವಳ ಮಂಡಿ ಕೈಕೊಟ್ಟಿತು. ನಲವತ್ತು ವರ್ಷ ಮೆಷಿನ್ನು ತುಳಿದ ಮಂಡಿ, ಸುಮ್ಮನಿರುತ್ತದೆಯೇ? ಡಾಕ್ಟರ್ ಎಕ್ಸ್‌ರೇ ಹಿಡಿದು ನೋಡಿದರು. "ಈಗ ನಡೀರಿ, ಚೆನ್ನಾಗಿ ನಡೀರಿ, ಅದೇ ಔಷಧಿ. ಆದರೆ ಒಂದು ವರ್ಷ, ಹೆಚ್ಚಂದ್ರೆ ಒಂದೂವರೆ. ಆಮೇಲೆ ಭಾರ ಹೊತ್ತು ದೂರ ನಡೆಯೋ ಆಸೆ ಬಿಟ್ಟುಬಿಡಿ." ಇಬ್ಬರೂ ಹೊರಗೆ ಬಂದು ಬಸ್ಸಿಗೆ ಕಾಯುತ್ತ ಕೂತರು. ಅವಳು ತನ್ನ ಕಾಲನ್ನೇ ನೋಡಿಕೊಳ್ಳುತ್ತ ಕೇಳಿದಳು: "ಏನು ಮಾಡೋಣ ಹೇಳಿ."

"ಇನ್ನು ನಾಲ್ಕೈದು ತಿಂಗಳಿಗೆ ಹೊಸ ಆವೃತ್ತಿ ಬರುತ್ತಂತೆ. ಅದನ್ನೊಂದು ನೋಡಿಬಿಡೋಣ" ಎಂದ ರಟ್ಟಣ್ಣ.

ಅವಳು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ಆಗಲಿ" ಎಂದಳು, ಅಷ್ಟೇ. ಬಸ್ಸು ಬಂತು, ಇಬ್ಬರೂ ಹತ್ತಿದರು. ಬಾಯಿ ಇದ್ದವಳು ಸುಮ್ಮನಾದರೆ ಮನೆಯಲ್ಲಿ ಗಡಿಯಾರದ ಸದ್ದೂ ಜೋರಾಗಿ ಕೇಳಿಸುತ್ತದೆ. ರಟ್ಟಣ್ಣನಿಗೆ ಆ ಸದ್ದು ಮೂರು ದಿನ ಕೇಳಿಸಿತು.

ನಾಲ್ಕನೆಯ ದಿನ ಬೆಳಿಗ್ಗೆ ಯಾರದೋ ಮನೆಯ ಪರದೆ ಕತ್ತರಿಸಬೇಕಾಗಿತ್ತು. ಅವಳಿಗೆ ದೊಡ್ಡ ಮೇಜೇ ಬೇಕು. ಅದರ ಮೇಲೆ ಬಿದ್ದಿದ್ದ ಗಂಡನ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತಿದ್ದವಳು ಒಂದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು. ಎರಡೂವರೆ ವರ್ಷದ ಹಿಂದೆ ಕೊಂಡ, ಹೊಲಿಗೆ ಹಾಕಿದ ಕೈಪಿಡಿ ಅದು. ಮುಚ್ಚಿದ ಪುಸ್ತಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅಸ್ತರಿನ ಬಟ್ಟೆಯ ತುಂಡೊಂದನ್ನು ತಂದು, ಅಂಚು ಮಾತ್ರ ಕಾಣುವಂತೆ ಪುಸ್ತಕಕ್ಕೆ ಸುತ್ತಿ, ಗಂಡ ಚಹಾ ಕುಡಿಯುತ್ತ ಕೂತಿದ್ದಲ್ಲಿಗೆ ಹೋದಳು.

"ರೀ, ಲೈಬ್ರರಿ ಮೇಡಂ ಒಂದು ಪುಸ್ತಕ ಕಳಿಸಿದಾರೆ. ಓದಿದೋನು ಎಂಥವನು ಅಂತ ನಿಮ್ಮನ್ನೇ ಕೇಳಬೇಕಂತೆ. ಬಟ್ಟೆ ಬಿಚ್ಚೋ ಹಾಗಿಲ್ಲ, ಪಂದ್ಯ."

ರಟ್ಟಣ್ಣನ ಮುಖ ನೋಡಬೇಕಿತ್ತು. ಮೂರು ದಿನದ ಮೇಲೆ ಹೆಂಡತಿ ಮಾತಾಡಿದ್ದಳು. ಎರಡೂವರೆ ವರ್ಷದ ಮೇಲೆ ಅವನ ವಿದ್ಯೆ ಯಾರಿಗೋ ಬೇಕಾಗಿತ್ತು. ಕಪ್ಪು ಕೆಳಗಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಸೆಟೆದು ಕೂತ. ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಅಂಚು ತೋರಿಸಿದಳು.

"ಪ್ರವಾಸದ್ದು" ಎಂದ ತಕ್ಷಣವೇ. "ಇದೇನು ಕೇಳಬೇಕಾ? ನೋಡು, ಮೊದಲಿನ ನಲವತ್ತು ಐವತ್ತು ಪುಟ ಕರ್‍ರಗೆ. ಆಮೇಲೆ ಬಿಳಿ. ಅದೇ ಹೊರಡುವ ಮುನ್ನದ ಗಿರಾಕಿ."

"ಎಷ್ಟು ಜನ ಓದಿದಾರೆ?"

"ಒಬ್ಬನೇ. ಹತ್ತು ಜನರ ಕೈಯಾದ್ರೆ ಕೊಳೆ ಹರಡಿರುತ್ತೆ. ಇದು ಒಂದೇ ಹೆಬ್ಬೆರಳು, ಒಂದೇ ಜಾಗ. ಗಂಡಸು. ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ ಕೂತಿದಾನೆ ಆಸಾಮಿ."

"ಹೊರಡ್ತಾನಾ?"

ರಟ್ಟಣ್ಣ ನಕ್ಕ. "ಎಲ್ಲಿಂದ ಹೊರಡ್ತಾನೆ? ಹೊರಡೋನು ಇಷ್ಟು ಓದಲ್ಲ ಕಣೇ. ಇವನಿಗೆ ಬೇಕಾಗಿರೋದು ಪುಸ್ತಕ ಅಲ್ಲ, ನೆಪ. ಪುಕ್ಕಲ."

"ಇವನ ಜೊತೆ ಹೋಗಬೇಕು ಅಂತ ಯಾರಾದ್ರೂ ಕಾಯ್ತಾ ಇದ್ರೆ?"

"ಪಾಪ" ಎಂದ ರಟ್ಟಣ್ಣ, ಮನಸ್ಸಿನಿಂದಲೇ. "ಕಾದದ್ದೇ ಬಂತು."

ಅವಳು ಅಸ್ತರಿನ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದಳು.

ಹೀಗೆ ರಟ್ಟಣ್ಣನ ಗುಟ್ಟು ರಟ್ಟಾಯಿತು, ಅದೂ ಅವನ ಬಾಯಿಂದಲೇ. ಅವನು ಪುಸ್ತಕವನ್ನು ನೋಡಿದ. ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ. ಅಂಚಿನ ಕಪ್ಪು ಕೊಳೆಯ ನಡುವೆ ಅಂಟಿನ ಹಳದಿಯೂ ಇತ್ತು. ಕಸುಬುದಾರನಾದವನಿಗೆ ಅದು ಮೊದಲೇ ಕಣ್ಣಿಗೆ ಬೀಳಬೇಕಿತ್ತು. ಏನಾದರೂ ಹೇಳಬೇಕಲ್ಲ ಎಂದು, "ಇದು ಹಳೇ ಆವೃತ್ತಿ, ಈಗ ಇದರಲ್ಲಿರೋದು..." ಎಂದು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಹೆಂಡತಿಯ ಕಣ್ಣಲ್ಲಿ ನೀರಿತ್ತು. ಅವಳು ಅಳುವವಳಲ್ಲ. ಸೂಜಿ ಬೆರಳಿನಲ್ಲಿ ಈ ಕಡೆಯಿಂದ ಆ ಕಡೆಗೆ ಹೋದ ದಿನವೂ ಬೈದಿದ್ದಳೇ ಹೊರತು ಅತ್ತಿರಲಿಲ್ಲ.

"ನಾನೊಬ್ಬಳೇ ಹೋಗಬಲ್ಲೆ" ಎಂದಳು. "ನಂಗೇನೂ ಭಯ ಇಲ್ಲ. ಆದ್ರೆ ಹೋಗಲ್ಲ. ಆ ಮರಳು ನೋಡಿದಾಗ ಪಕ್ಕದಲ್ಲಿ ನೀವಿರಬೇಕು ನಂಗೆ. ನಿಮಗೆ ಬೇಡ ಅಂದ್ರೆ ಬೇಡ ಅನ್ನಿ. ಚೀಲದಲ್ಲಿ ಬಟ್ಟೆ ತುಂಬಿಟ್ಕೋತೀನಿ. ಇನ್ನೊಂದು ಪುಸ್ತಕ ಬರಲಿ, ಇನ್ನೊಂದು ಬರಲಿ ಅಂತ ಮಾತ್ರ ಹೇಳಬೇಡಿ. ನನ್ನ ಕಾಲಿಗೆ ಹೊಸ ಆವೃತ್ತಿ ಬರಲ್ಲ."

ರಟ್ಟಣ್ಣ ತಲೆ ತಗ್ಗಿಸಿದ. ಆಮೇಲೆ ಚಹಾದ ಕಪ್ಪಿಗೆ ಹೇಳುವವನಂತೆ ಹೇಳಿದ: "ದಾರಿ ಕೇಳೋದು ನನ್ನ ಕೈಲಾಗಲ್ಲ ಕಣೇ."

"ಏನಂದ್ರಿ?"

"ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ. ಎಲ್ಲಾ ಬರೆದಿರೋ ಪುಸ್ತಕ ಒಂದು ಸಿಕ್ಕಿದ್ರೆ ಯಾರನ್ನೂ ಕೇಳೋ ಹಾಗಿರಲ್ಲ ಅಂದ್ಕೊಂಡಿದ್ದೆ. ನಿನ್ನೆದುರಿಗೆ ದಾರಿ ತಪ್ಪಿ ನಿಂತ್ಕೋಬೇಕಲ್ಲ ಅಂತ."

ಟೈಲರಕ್ಕ ಕಣ್ಣೊರೆಸಿಕೊಂಡಳು. ಅವಳಿಗೆ ಸಿಟ್ಟು ಬಂತೋ ನಗು ಬಂತೋ ಅವಳಿಗೇ ಗೊತ್ತಾಗಲಿಲ್ಲ. "ಇಷ್ಟೇನಾ? ಎರಡೂವರೆ ವರ್ಷದಿಂದ ಇದಾ? ಐದು ತಿಂಗಳು ನನ್ನ ಜೊತೆ ಇರೋಕೇ ನಿಮಗೆ ಬೇಜಾರು ಅಂದ್ಕೊಂಡು ಕೂತಿದ್ನಲ್ರೀ ನಾನು."

"ಛೇ, ಅದ್ಯಾವ ಮಾತು" ಎಂದ ರಟ್ಟಣ್ಣ.

"ಕೇಳೋಕೆ ನಾನಿಲ್ವಾ? ಬಾಯಿದ್ದವನು ಬರಗಾಲದಲ್ಲೂ ಬದುಕಿದ. ನಮ್ಮಿಬ್ಬರಿಗೂ ಸೇರಿ ಆಗೋವಷ್ಟು ಬಾಯಿ ದೇವರು ನನ್ನೊಬ್ಬಳಿಗೇ ಕೊಟ್ಟಿದಾನೆ. ನೀವು ಪುಟ ನೋಡಿ, ನಾನು ಜನಾನ ಕೇಳ್ತೀನಿ."

ರಟ್ಟಣ್ಣ ಎದ್ದ. ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ, "ಬರ್ತೀನಿ ಇರು" ಎಂದು ನೇರ ಲೈಬ್ರರಿಗೆ ಹೋದ. ನೆಲಮಾಳಿಗೆಯ ಬೀಗದ ಕೈ ಕೇಳಿದ. ಮೇಡಂ ಏಕೆ ಎಂದು ಕೇಳದೆ ಕೊಟ್ಟರು. ಅವನು ಮೊದಲು ಎಣಿಸಿದ, ಅಭ್ಯಾಸಬಲ. ಆಮೇಲೆ ದಬ್ಬಳದ ತುದಿಯಿಂದ ಹೊಲಿಗೆ ಎತ್ತಿ ಒಂದೊಂದೇ ದಾರ ಕತ್ತರಿಸಿದ. ಪುಸ್ತಕ ಫಾರಂಗಳಾಗಿ ಬಿಡಿಸಿಕೊಂಡಿತು. ಮೊದಲಿನ ಮೂರು ಫಾರಂಗಳನ್ನು, ಅಂದರೆ ಕಪ್ಪಾದ ನಲವತ್ತೆಂಟು ಪುಟಗಳನ್ನು, ಬೇರೆ ಮಾಡಿ ಪಕ್ಕಕ್ಕಿಟ್ಟ. ಉಳಿದದ್ದನ್ನು ಮೇಣದ ದಾರದಲ್ಲಿ ಮರಳಿ ಹೊಲಿದು, ನೀರು ಬಿದ್ದರೂ ಹಾಳಾಗದ ಬಟ್ಟೆಯ ತೆಳು ರಟ್ಟು ಹಾಕಿ ಒತ್ತುಯಂತ್ರಕ್ಕೆ ಕೊಟ್ಟ. ಇದ್ದ ಪುಟಗಳನ್ನು ತಾನಾಗಿಯೇ ತೆಗೆದುಹಾಕಿ ಪುಸ್ತಕ ಕಟ್ಟಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಚೀಲದೊಳಗಿನ ಚಿಂದಿಯೆಲ್ಲ ನೆಲದ ಮೇಲಿತ್ತು.

"ಆ ಕಪ್ಪು ಪುಟಗಳನ್ನೆಲ್ಲ ಏನ್ಮಾಡಿದ್ರಿ?" ಎಂದು ಅವಳು ಪುಸ್ತಕದ ಬಿಳಿ ಅಂಚು ನೋಡಿ ಕೇಳಿದಳು.

"ಮೇಡಂಗೆ ಕೊಟ್ಟೆ. ಲೈಬ್ರರಿಗೆ ಬರೋರಿಗೆ ಅಷ್ಟಾದ್ರೆ ಸಾಕು."

ಒಂದೂವರೆ ತಿಂಗಳಲ್ಲಿ ಹೊರಟರು. ಗುಂಡಿಯ ಡಬ್ಬಿ ಭಾರ, ಬೇಡ ಎಂದು ರಟ್ಟಣ್ಣ ಹೇಳಿ ನೋಡಿದ. ಗುಂಡಿಗಳು ಉಳಿದವು, ಡಬ್ಬಿ ಬಂತು.

ಮೊದಲ ದೇಶದ ಮೊದಲ ಊರು. ಹನ್ನೊಂದು ಗಂಟೆ ಬಸ್ಸಿನಲ್ಲಿ ಕೂತು ಇಳಿದಾಗ ಟೈಲರಕ್ಕನ ಮಂಡಿ ಊದಿಕೊಂಡಿತ್ತು. ಅವಳು ಚೀಲವನ್ನೇ ಮಣೆ ಮಾಡಿಕೊಂಡು ನಿಲ್ದಾಣದ ಹೊರಗೆ ಕೂತಳು. ರಟ್ಟಣ್ಣ ಪುಸ್ತಕ ತೆಗೆದು, "ಎದುರಿಗೆ ಗಡಿಯಾರದ ಗೋಪುರ, ಅದರ ಹಿಂದಿನ ಬೀದಿಯಲ್ಲಿ ವಸತಿಗೃಹ" ಎಂದು ಓದಿದ. ಎದುರಿಗೆ ಗೋಪುರವಿರಲಿಲ್ಲ. ಅದಿದ್ದ ಜಾಗದಲ್ಲಿ ತಗಡಿನ ಬೇಲಿ, ಬೇಲಿಯೊಳಗೆ ದೊಡ್ಡ ಗುಂಡಿ, ಗುಂಡಿಯೊಳಗೆ ಟೋಪಿ ಹಾಕಿದ ನಾಲ್ಕು ಜನ. ಬೀದಿಗಳು ಐದು ದಿಕ್ಕಿಗೆ ಹೋಗಿದ್ದವು.

"ಕೊಡಿ ಇಲ್ಲಿ" ಎಂದು ಅವಳು ಪುಸ್ತಕ ತೆಗೆದುಕೊಂಡಳು. ಇಷ್ಟು ದಿನ ಅವನು ಅದನ್ನು ಅವಳ ಕೈಗೆ ಕೊಟ್ಟಿರಲಿಲ್ಲ, ರಟ್ಟು ಇನ್ನೂ ಹಸಿ, ಬಾಗಬಾರದು ಎಂದೆಲ್ಲ ಹೇಳಿ ತಪ್ಪಿಸಿದ್ದ. ರಟ್ಟು ತೆರೆದ ಕೂಡಲೇ, ನಲವತ್ತೊಂಬತ್ತನೇ ಪುಟಕ್ಕೂ ಮೊದಲು, ತೆಳು ಕಾಗದದ ಚೀಟಿಯೊಂದು ಹೊಲಿಗೆಯಲ್ಲಿ ಸೇರಿಕೊಂಡಿತ್ತು. ಅವಳು ಗಟ್ಟಿಯಾಗಿ ಓದಿದಳು.

"೧ರಿಂದ ೪೮ನೇ ಪುಟದವರೆಗೆ ಇಲ್ಲ. ಓದಿ ಮುಗಿದಿದೆ."

ಕೆಳಗೆ ಪುಟ್ಟ ಸಹಿ. ಸಂಬಳದ ಚೀಟಿಯಲ್ಲಿದ್ದ ಹೆಸರಲ್ಲ. "ರಟ್ಟಣ್ಣ" ಎಂದೇ ಬರೆದಿದ್ದ.

ಅವಳು ಚೀಟಿಯ ಮೇಲೆ ಒಮ್ಮೆ ಬೆರಳಾಡಿಸಿ, ಗಂಡನ ಮುಖ ನೋಡಿ, ನೆಲಕ್ಕೆ ಕೈಯೂರಿ ಏಳಲು ಹೊರಟಳು. "ಇರಿ, ಯಾರನ್ನಾದ್ರೂ ಕೇಳ್ಕೊಂಡು ಬರ್ತೀನಿ."

ಅವಳು ಏಳುವಾಗ ನೋವಿಗೆ ತುಟಿ ಕಚ್ಚಿದ್ದನ್ನು ರಟ್ಟಣ್ಣ ನೋಡಿದ. "ಕೂತ್ಕೋ ನೀನು" ಎಂದ. ಪುಸ್ತಕ ತೆಗೆದುಕೊಂಡು ಹೊರಟ.

ಬೇಲಿಗೆ ಒಂದು ಸುತ್ತು ಬಂದ. ಎರಡನೇ ಸುತ್ತಿನಲ್ಲಿ ಹೆಂಡತಿಯ ಎದುರಿಗೇ ಹಾದುಹೋಗಬೇಕಾಯಿತು. ಅವಳು ಬೇರೆ ಕಡೆ ನೋಡುತ್ತ ಕೂತಿದ್ದಳು, ಬೇಕೆಂದೇ. ಮೂರನೇ ಸುತ್ತಿನಲ್ಲಿ ಬೇಲಿಯ ಮೂಲೆಗೆ ಚಪ್ಪಲಿ ಹೊಲಿಯುವ ಮುದುಕನೊಬ್ಬ ಕೂತಿರುವುದು ಕಣ್ಣಿಗೆ ಬಿತ್ತು. ಮುದುಕನ ಕೈಯಲ್ಲಿ ದಬ್ಬಳವಿತ್ತು. ಪಕ್ಕದಲ್ಲಿ ಮೇಣದ ಉಂಡೆ, ಅದರ ಮೇಲೆ ದಾರ ಎಳೆದೆಳೆದು ಬಿದ್ದ ಗೀರುಗಳು. ರಟ್ಟಣ್ಣನ ಕಾಲುಗಳು ತಾವಾಗಿಯೇ ನಿಂತವು. ಅವನು ಕುಕ್ಕರಗಾಲಲ್ಲಿ ಕೂತು, ಒಂದೂ ಮಾತಿಲ್ಲದೆ, ಪುಸ್ತಕವನ್ನು ಮುಂದೆ ಚಾಚಿದ.

ಮುದುಕ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. ಪುಟ ನೋಡಲಿಲ್ಲ. ಬೆನ್ನು ಹಿಡಿದು ಬಾಗಿಸಿದ, ಫಾರಂಗಳ ನಡುವೆ ಹೆಬ್ಬೆರಳು ತೂರಿಸಿ ದಾರ ಎಳೆದು ನೋಡಿದ, ಒಂದು ಫಾರಂ ಇನ್ನೊಂದಕ್ಕೆ ಗಂಟುಬಿದ್ದ ಜಾಗವನ್ನು ಕಣ್ಣ ಹತ್ತಿರ ತಂದು ನೋಡಿದ. ಆಮೇಲೆ ರಟ್ಟಣ್ಣನ ಹಳದಿ ಹೆಬ್ಬೆರಳನ್ನು ನೋಡಿ ಏನೋ ಕೇಳಿದ. ಹೌದು, ನಾನೇ, ಎಂದು ರಟ್ಟಣ್ಣ ಎದೆ ಮುಟ್ಟಿಕೊಂಡ. ಮುದುಕ ತನ್ನ ದಾರ ತೋರಿಸಿದ, ಇವನು ಅದನ್ನು ಬೆರಳಲ್ಲಿ ಹೊಸೆದು ತಲೆದೂಗಿದ. ಹಾಗೆ ಇಬ್ಬರೂ ಎಷ್ಟು ಹೊತ್ತು ಕೂತಿದ್ದರೋ, ಚಪ್ಪಲಿಗೆ ಕಾಯುತ್ತಿದ್ದ ಹೆಂಗಸು ಕೆಮ್ಮಿದ ಮೇಲೇ ಎದ್ದದ್ದು.

ರಟ್ಟಣ್ಣ ವಾಪಸ್ ಬಂದಾಗ ಅವನ ಮುಖ ಬೆಳಗುತ್ತಿತ್ತು.

"ಏನಂದ್ರು?" ಎಂದು ಹೆಂಡತಿ ಕೇಳಿದಳು.

"ಹೊಲಿಗೆ ಬಹಳ ಚೆನ್ನಾಗಿದೆ ಅಂದ್ರು."

"ಅದು ಸರಿ. ದಾರಿ?"

ರಟ್ಟಣ್ಣ ಹಣೆ ಚಚ್ಚಿಕೊಂಡ. "ಅಯ್ಯೋ, ಅದನ್ನ ಕೇಳೋದೇ ಮರೆತೆ" ಎಂದ. "ಇರು, ಕೇಳ್ಕೊಂಡು ಬರ್ತೀನಿ."

ಅವಳು ನಗುತ್ತಿದ್ದಳು, ಕೂಗಿ ಬೇಡವೆನ್ನಲಿಲ್ಲ. ಈ ಸಲ ಅವನು ಸುತ್ತು ಹಾಕಲಿಲ್ಲ, ನೇರ ಹೋದ.